ಬಾಯಿಗೆ ಬಾರದ ಹೆಸರು

ಉಳಿಯ ಮೊನೆ ಬಿಸಿಲಿಗೆ ಒಮ್ಮೆ ಮಿಂಚಿ ಆರುತ್ತದೆ, ಮತ್ತೆ ಮಿಂಚುತ್ತದೆ, ಹೆಸರು ಕೆತ್ತುವ ಜಿಲಾನಿ ಚಾಚಾ ಅದನ್ನು ಸಾಣೆಕಲ್ಲಿಗೆ ಉಜ್ಜುತ್ತಲೇ ಇದ್ದಾರೆ, ಅವರ ಮುಂದೆ ನೆಲಕ್ಕೆ ಹಾಸುವಂಥ ನಾಲ್ಕಡಿ ಫರ್ಸಿ ಕಲ್ಲು ಹೆಸರಿನ ಬೋರ್ಡಾಗಲು ಮಲಗಿದೆ, ಸೀಮೆಸುಣ್ಣದ ಎರಡು ಗೆರೆ ಬಿಟ್ಟರೆ ಮೈಮೇಲೆ ಒಂದಕ್ಷರವಿಲ್ಲ — ಹೆಸರಿಲ್ಲದ ಕಂಪನಿಗೆ ಇದು ಮೂರನೇ ಸಲದ ಚಹಾ, ಹೀಗೇ ಹೋದರೆ ಕಲ್ಲು ಮಾರುವ ಮೊದಲೇ ಸಕ್ಕರೆ ಡಬ್ಬಿ ಬರಿದಾಗುತ್ತದೆ ಎಂದುಕೊಳ್ಳುತ್ತಾಳೆ ನೀಲಾಬಾಯಿ, ಸ್ಟೋವಿಗೆ ಪಂಪು ಹೊಡೆಯುತ್ತ, ವಾಡಿ ಸ್ಟೇಷನ್ನಿನ ಹಿಂದಿನ ಈ ನಾಲ್ಕು ತಗಡಿನ ನೆರಳು ತಮ್ಮದೇ ಎಂಬುದು ಇನ್ನೂ ನಂಬಿಕೆಗೆ ಬರುತ್ತಿಲ್ಲ, ಗಂಡನೂ ಪಾಲುದಾರ ಮುನಾಫನೂ ಕಲ್ಲು ತರಲು ಗಣಿಗೆ ಹೋದಾಗ ಇಲ್ಲಿ ಕೂತು ಗಿರಾಕಿಗಳಿಗೆ ಉತ್ತರ ಹೇಳುವವಳು ಅವಳೇ ಅಂತೆ, ಕಂಪನಿಯ ಬಾಯಿ ನೀವೇ ನೋಡ್ರಿ ವೈನಿ ಅಂದಿದ್ದ ಮುನಾಫ, ಬೆಳಿಗ್ಗೆ ಮೊದಲ ಹೆಸರು ಸೂಚಿಸಿದ್ದೂ ಅವನೇ, ಅಣ್ಣನ ಹೆಸರೇ ಇಡೋಣು, ಕಲ್ಲಿನ ಗುಣ ಅವನಷ್ಟು ಬಲ್ಲವರು ಈ ಕಡಿ ಯಾರದಾರ — ಅವಳ ಎದೆ ಅರಳಿತ್ತು, ಆದರೆ ಗಂಡನೆಂಬ ಈ ಮನುಷ್ಯ, ಬೀಡಿಯ ಹೊಗೆಯ ಹಿಂದೆ ಮುಖ ಬಚ್ಚಿಟ್ಟುಕೊಂಡು, ನಂದ್ಯಾಕ ಬಿಡೋ ತಮ್ಮ, ಗಿರಾಕಿ ಬಂದು ಇದು ಯಾವ ಕಂಪನಿ ಅಂತ ಕೇಳಿದ್ರ ಇಕಿ ಏನ್ ಹೇಳ್ತಾಳ, ನಮ್ಮ ಮನ್ಯಾನವರ ಕಂಪನಿ ಅಂತಾಳ, ಗಂಡನ ಹೆಸರು ಇಕಿ ಬಾಯಿಂದ ಬರಂಗಿಲ್ಲ, ಮೂಕ ಕಂಪನಿ ಆಗ್ತದ ನೋಡು — ಮೂವರೂ ನಕ್ಕರು, ಅವಳೂ ಸೆರಗಿನೊಳಗೆ ನಕ್ಕಳು, ನಗದೆ ಏನು ಮಾಡುವುದು, ಮಾತು ನಿಜವಾಗಿತ್ತು.

ಆಮೇಲೆ ಹೆಸರುಗಳ ಸುರಿಮಳೆ, ಸುಪರ್ ಸ್ಟೋನ್ ಅಂದ ಮುನಾಫ, ಗಂಡ ಒಂದೊಂದೇ ದೇವರ ಹೆಸರು ತೆಗೆದರು, ದೇವರೆಲ್ಲ ಆಗ್ಲೇ ಬ್ಯಾರೇ ಕಂಪನ್ಯಾಗ ನೌಕರಿಗಿ ಹತ್ಯಾರಪ್ಪ ಅಂದರು ಚಾಚಾ, ಕೊನೆಗೆ ನ್ಯೂ ಕರ್ನಾಟಕ, ಹೋದ ವರ್ಷ ರಾಜ್ಯಕ್ಕೇ ಹೊಸ ಹೆಸರು ಬಂದಿದೆಯಲ್ಲ, ಅದಕ್ಕೂ ಚಾಚಾನ ಹತ್ತಿರ ಮಾತಿತ್ತು, ಇದೇ ಕೈಲೆ ಹೈದರಾಬಾದ ಅಂತ ಕೆತ್ತೀನಿ, ಮೈಸೂರ ಅಂತ ಕೆತ್ತೀನಿ, ಈಗ ಕರ್ನಾಟಕ ಅಂತ ಕೆತ್ತಲಿಕತ್ತೀನಿ, ಸರಕಾರಕ್ಕೇನು, ಹೆಸರು ಬದಲಾದ್ರ ಹೊಸ ಕಲ್ಲು ತರಿಸ್ತದ, ನಿಮ್ಮತ್ರ ಇರೋದು ಇದೊಂದೇ, ಲಗೂ ಹೇಳ್ರಿ, ಸಂಜಿ ನಾಲವಾರದ ಗಾಡಿಗಿ ನಾ ಊರಿಗಿ ಹೋಗಬೇಕು — ಉಳಿಯ ಮೊನೆ ಮಿಂಚಿತು, ನ್ಯೂ ಕರ್ನಾಟಕವಂತೆ, ಕರ್ನಾಟಕಕ್ಕೇನು ಗೊತ್ತು ಕಲ್ಲಿನ ಕಷ್ಟ, ಪದರ ನೋಡಿ, ಸೀಳು ಬಾರದಂತೆ ಗಣಿಯಿಂದ ಇದನ್ನು ಎಬ್ಬಿಸಿದ ಕೈ ಅದೋ ಅಲ್ಲಿ ಬೀಡಿ ಹಿಡಿದಿದೆ, ಹದಿನೆಂಟು ವರ್ಷ ಸಾವಕಾರರ ಗಣಿಯಲ್ಲಿ ಆ ಕೈಗೆ ಹೆಸರೇ ಇರಲಿಲ್ಲ, ಹಾಜರಿಯಲ್ಲಿ ನಲವತ್ತೊಂದು, ಗಣಿಯ ಮೇಸ್ತ್ರಿ ಮುಕಾದಮ ನಲವತ್ತೊಂದು ಎಂದು ಕೂಗಿದರೆ ಇವರು ಹಾಂ ಅನ್ನುತ್ತಿದ್ದರು, ಮನೆಯಲ್ಲೂ ಒಮ್ಮೊಮ್ಮೆ ನಿದ್ದೆಗಣ್ಣಿನಲ್ಲಿ ಹಾಂ, ಇವರು ಎಬ್ಬಿಸಿದ ಎಷ್ಟೋ ಕಲ್ಲುಗಳ ಮೇಲೆ ದೊಡ್ಡವರ ಹೆಸರು ಕೂತಿದೆ, ಇವರದು ಬೆರಳಗಲ ಜಾಗದಲ್ಲೂ ಇಲ್ಲ, ಅವಳಿಗೆ ಬೇಕಿರುವುದು ಇಷ್ಟೇ, ಹೋಗುವ ಬರುವ ರೈಲಿನವರೆಲ್ಲ ಆ ಹೆಸರನ್ನು ಓದಬೇಕು, ಬೇರೆ ಆಸೆ ಇಲ್ಲ, ಆದರೆ ಬಾಯಿ, ಈ ಹಾಳು ಬಾಯಿ ತೆರೆಯಬೇಕಲ್ಲ.

ಆ ಹೆಸರು ಹೇಳಿದ್ದು ಒಂದೇ ಸಲ, ಮದುವೆಯ ಮರುದಿನ, ನಾದಿನಿ ಅನಸುಬಾಯಿ ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರ ಹೇಳಿ ಒಳಗ ಬಾ ವೈನಿ ಅಂದಾಗ, ಹೊಸ ಸೊಸೆ ಹೇಳುವ ಪ್ರಾಸದ ಒಡಪು, ಹೊಸ್ತಿಲ ಮ್ಯಾಲ ಹಾಸ್ಯಾರ ಕರೀ ಕಲ್ಲು, ಇಂಥವರ ಹೆಸರ ಹೇಳ್ತೀನಿ ಬಾಗಲ ಬಿಟ್ಟು ನಿಲ್ಲು — ಒಡಪಿನಲ್ಲಿ ಇಂಥವರು ಎನ್ನುವ ಕಡೆ ಆ ಹೆಸರು ಕೂಡಿಸಿ, ಕಣ್ಣು ಮುಚ್ಚಿ, ಉಸಿರಿನಷ್ಟು ಸಣ್ಣಗೆ, ಅಷ್ಟೇ, ಆಮೇಲೆ ಅತ್ತೆ ಹಣಮಮ್ಮ ಪಕ್ಕಕ್ಕೆ ಕೂರಿಸಿಕೊಂಡು, ಇನ್ನ ಮ್ಯಾಲ ಬಾಯಾಗ ತರಬ್ಯಾಡವ್ವ, ಹೆಂಡ್ತಿ ಆದಾಕಿ ಹೆಸರ ಹಿಡಿದು ಕರೆದ್ರ ಗಂಡನ ಆಯುಷ್ಯ ಕಡಿಮಿ ಆಗ್ತದ, ಆ ಮಾತನ್ನು ಅವಳು ಸೆರಗಿಗೆ ಗಂಟು ಹಾಕಿಕೊಂಡಳು, ಜನಗಣತಿಯವನು ಯಜಮಾನರ ಹೆಸರೇನ್ರಿ ಎಂದಾಗ ಪಕ್ಕದ ಮನೆಯಿಂದ ಇಮಾಮ್ಬೀಯನ್ನು ಎಳೆದು ತಂದಿದ್ದಳು, ಇಮಾಮ್ಬೀ ಅಂದರೆ ಮುನಾಫನ ತಾಯಿ, ಅದೇ ಗಣಿಯಲ್ಲಿ ಕಲ್ಲು ಹೊತ್ತವಳು, ನಿನ್ನ ಗಂಡನ ಹೆಸರ ಹೇಳ್ಲಿಕ್ಕ ನನಗ ಪಗಾರ ಕೊಡು ಎಂದು ಬೈಯುತ್ತಲೇ ಬಂದಿದ್ದಳು, ಬೈಯಲಿ, ಬೈಯುವ ಹಕ್ಕಿದೆ ಅವಳಿಗೆ, ಗಣಿಯಲ್ಲಿ ಆ ದಿನ ಅವಳು ಇರದಿದ್ದರೆ — ಆ ದಿನ ನೀಲಾಬಾಯಿ ಬುತ್ತಿ ಹೊತ್ತು ಗಣಿಯ ಅಂಚಿಗೆ ಬಂದು ನಿಂತಿದ್ದಾಳೆ, ಕೆಳಗೆ ಇವರು ಬೆನ್ನು ಮಾಡಿ ಕೂತು ಉಳಿ ಹೊಡೆಯುತ್ತಿದ್ದಾರೆ, ಹಿಂದೆ ನಿಲ್ಲಿಸಿಟ್ಟ ಫರ್ಸಿಗಳ ಸಾಲು ಮೆಲ್ಲಗೆ ಇವರ ಮೇಲೆಯೇ ವಾಲುತ್ತಿದೆ, ರೀ ಅಂದಳು, ಏನ್ರೀ, ಇಲ್ಲಿ ನೋಡ್ರೀ, ಗಂಟಲು ಹರಿಯುವಂತೆ ಕಿರುಚಿದಳು, ಮೂವತ್ತು ಗಂಡಸರು ತಮ್ಮ ತಮ್ಮ ಹೆಂಡತಿಯೇ ಬಂದಳೆಂದು ತಲೆ ಎತ್ತಿದರು, ಇವರೊಬ್ಬರನ್ನು ಬಿಟ್ಟು, ಆಗ ಬುಟ್ಟಿ ಬಿಸಾಕಿ ಇಮಾಮ್ಬೀ ಹೆಸರು ಹಿಡಿದು ಕೂಗಿದಳು, ಬರೀ ಹೆಸರು, ಅಣ್ಣ ಇಲ್ಲ ತಮ್ಮ ಇಲ್ಲ, ಇವರು ಹಾಂ ಎಂದು ಜಿಗಿದೆದ್ದರು, ಕೂತಿದ್ದ ಜಾಗದಲ್ಲಿ ಕಲ್ಲು ಬಿದ್ದು ಪುಡಿಪುಡಿ, ಆ ಪುಡಿಯೊಳಗಿಂದ ಹೊರಗೆ ಕಾಣುತ್ತಿದ್ದದ್ದು ಉಳಿಯ ಮೊನೆಯೊಂದೇ — ಹೆಸರು ಕರೆದರೆ ಆಯುಷ್ಯ ಕಡಿಮೆಯೇ ಅತ್ತೀ, ನಿಮ್ಮ ಮಗ ಇವತ್ತು ಬೀಡಿ ಸೇದುತ್ತ ಕೂತಿರುವುದೇ ಆ ಹೆಸರು ಕರೆದದ್ದರಿಂದ, ಕರೆಯದೆ ನಿಂತವಳು ನಾನು, ಇಷ್ಟು ವರ್ಷ ಇದು ನನಗೆ ಯಾಕೆ ಹೊಳೆಯಲಿಲ್ಲ.

ಆಯ್ತು ಚಾಚಾ, ನ್ಯೂ ಕರ್ನಾಟಕ ಫರ್ಸಿ ಕಂಪನಿ ಅಂತ ಹೊಡೀರಿ, ಮುನಾಫನ ದನಿ, ಚಾಚಾ ಬಿಸ್ಮಿಲ್ಲಾ ಎಂದು ಸುತ್ತಿಗೆ ಎತ್ತಿಕೊಳ್ಳುತ್ತಾರೆ, ಉಳಿಯ ಮೊನೆ ಸೀಮೆಸುಣ್ಣದ ಗೆರೆಯ ಮೇಲೆ ಬಂದು ನಿಲ್ಲುತ್ತದೆ, ಚಹಾ ಉಕ್ಕುತ್ತಿದೆ, ಉಕ್ಕಲಿ, ಹೊಸ್ತಿಲ ಮ್ಯಾಲ ಹಾಸ್ಯಾರ — ಮುಂದೆ ಏನು, ಒಡಪು ಅರ್ಧಕ್ಕೇ ಮರೆತುಹೋಗಿದೆ, ಹೋಗಲಿ ಅದೂ, ದೂರದಲ್ಲಿ ಯಾವುದೋ ಗಾಡಿ ಸೀಟಿ ಹಾಕುತ್ತಿದೆ, ಅದಕ್ಕಿಂತ ಜೋರಾಗಿ ಹೇಳಬೇಕು, ಗಣಿಯ ಅಂಚಿನಿಂದ ಹೇಳುವಂತೆ — ಅಂಬಾರಾಯ! ಅಂದೇಬಿಟ್ಟಳು, ಹಾಂ ಎಂದು ಗಂಡ ಜಿಗಿದೆದ್ದು ನಿಂತಿದ್ದಾರೆ, ಬೀಡಿ ಕೆಳಗೆ ಬಿದ್ದಿದೆ, ಮುನಾಫನ ಬಾಯಿ ತೆರೆದದ್ದು ತೆರೆದಂತೆಯೇ, ಅಂಬಾರಾಯ ಫರ್ಸಿ ಕಂಪನಿ ಅಂತ ಹೊಡೀರಿ ಚಾಚಾ, ಯಾರು ಕೇಳಿದ್ರೂ ನಾ ಹೇಳ್ತೀನಿ, ದಿನಕ್ಕ ನೂರು ಸಲ ಹೇಳ್ತೀನಿ, ಇದು ತನ್ನದೇ ದನಿಯೇ, ಕಿವಿ ಸುಡುತ್ತಿದೆ, ಎದೆ ಹಗುರವಾಗಿ ಎಲ್ಲಿಗೋ ಹಾರುತ್ತಿದೆ, ಇನ್ನೊಂದ ಸಲ ಅನ್ನು ನೋಡೋಣು, ಅನ್ನುತ್ತಿದ್ದಾರೆ ಇವರು, ನಗುತ್ತ ಅನ್ನುತ್ತಿದ್ದಾರೋ ಅಳುತ್ತಲೋ, ತಿರುಗಿ ನೋಡುವ ಧೈರ್ಯವಿಲ್ಲ, ಕಣ್ಣು ಒಂದೇ ಕಡೆ ನಿಂತುಬಿಟ್ಟಿದೆ, ಅಲ್ಲಿ, ಖಾಲಿ ಕಲ್ಲಿನ ಮೇಲೆ, ಸುತ್ತಿಗೆ ಬೀಳುವುದನ್ನೇ ಕಾಯುತ್ತ, ಉಳಿಯ ಮೊನೆ.