ಎರಡನೆಯ ಸಲ ಗೆರೆ ದಾಟಿದ್ದು

ಪಂದ್ಯ ಸೋತ ಮೂರನೆಯ ದಿನ ಬೆಳಿಗ್ಗೆ ಮಾಂಸದಂಗಡಿಯ ಸಾಲಿನಲ್ಲಿ ನಿಂತು, ನನ್ನ ಗಂಡನನ್ನು ಕೆಲಸದಿಂದ ತೆಗೆದುಹಾಕಲಿ ಎಂದು ನಾನು ದೇವರನ್ನು ಬೇಡಿಕೊಳ್ಳುತ್ತಿದ್ದೆ.

ಆ ವಾರ ಡೇಟನ್ನಿನಲ್ಲಿ ಹಾಗೆ ಬೇಡಿಕೊಳ್ಳದವರೇ ಕಡಿಮೆ. ಎಲ್ಡನ್ ಹನ್ನೊಂದು ವರ್ಷದಿಂದ ನಮ್ಮೂರ ಬೇಸ್‌ಬಾಲ್ ತಂಡ ಹೆರನ್ಸ್‌ನ ಮ್ಯಾನೇಜರ್. ಯಾರು ಆಡಬೇಕು, ಯಾರು ಬೆಂಚಿನಲ್ಲಿ ಕೂರಬೇಕು, ಚೆಂಡೆಸೆಯುವ ಪಿಚರ್‌ನನ್ನು ಯಾವಾಗ ಬದಲಾಯಿಸಬೇಕು, ಎಲ್ಲ ಅವನ ತೀರ್ಮಾನ. ಸೋತರೆ ಬೈಗುಳವೂ ಅವನದೇ.

"ಹ್ಯಾಮ್ ಎಷ್ಟು ಕೊಡ್ಲಿ, ಮಿಸೆಸ್ ಪ್ರೂವಿಟ್?" ಎಂದ ಅಂಗಡಿಯ ಸ್ಟ್ಯಾನ್.

"ಒಂದು ಪೌಂಡ್."

"ಸದ್ಯ, ಎರಡು ಅನ್ಲಿಲ್ಲ. ನಿಮ್ಮನೇಲಿ ಎರಡರ ತನಕ ಎಣಿಸೋಕೆ ಬರಲ್ವಂತಲ್ಲ!"

ಸಾಲಿನಲ್ಲಿದ್ದವರು ನಕ್ಕರು. ನನ್ನ ಹಿಂದಿದ್ದ ಮುದುಕಿಯೊಬ್ಬಳು ಮಾತ್ರ, "ಸುಮ್ನಿರೋ. ಹನ್ನೊಂದು ವರ್ಷ ದುಡಿದ ಮನುಷ್ಯನ್ನ ಒಂದು ಸೋಲಿಗೆ ಓಡಿಸಿಬಿಡ್ತಾರಾ?" ಎಂದಳು.

"ಸೋಲಿಗಲ್ಲ ಅಜ್ಜಿ, ಜಂಬಕ್ಕೆ. ಬೇಕಂತಲೇ ಪಿಚರ್‌ನ ಬದಲಾಯಿಸಿದೆ ಅಂತ ಟೀವೀಲಿ ಎದೆ ಉಬ್ಬಿಸಿ ಹೇಳ್ತಾನಲ್ಲ, ಅದಕ್ಕೆ!"

ಜಂಬವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ. ಪೊಟ್ಟಣ ತೆಗೆದುಕೊಂಡು ಹೊರಟೆ. ಸ್ಟ್ಯಾನ್ ತಮಾಷೆಗೆ ಆಡಿದ ಮಾತು ಎಷ್ಟು ನಿಜವೆಂದು ಅವನಿಗೆ ಗೊತ್ತಿರಲಿಲ್ಲ.

ನಡೆದದ್ದು ಇಷ್ಟು. ಪ್ಲೇಆಫ್‌ನ ಕೊನೆಯ ಪಂದ್ಯ. ಎಂಟನೆಯ ಇನಿಂಗ್ಸ್, ನಾವು ಒಂದು ರನ್ ಮುಂದೆ. ನಮ್ಮ ಪಿಚರ್ ಬಯೆಸ್, ಇಪ್ಪತ್ತನಾಲ್ಕರ ಹುಡುಗ, ಎದುರಾಳಿಗಳ ಉಸಿರು ಕಟ್ಟಿಸಿದ್ದ. ಅವನ ಒಂದು ಚೆಂಡನ್ನು ಎದುರಾಳಿ ಬಾರಿಸಿದಾಗ ಎಲ್ಡನ್‌ನ ಸಹಾಯಕ ಕಾರ್ವರ್ ಮೈದಾನಕ್ಕೆ ಹೋಗಿ ಅವನ ಬೆನ್ನು ತಟ್ಟಿ ಬಂದ. ಒಂದು ಸಲ ಹೋಗಬಹುದು. ಅದೇ ಇನಿಂಗ್ಸಿನಲ್ಲಿ ಬೆಂಚಿನಿಂದ ಯಾರಾದರೂ ಎರಡನೆಯ ಸಲ ಗೆರೆ ದಾಟಿ ಪಿಚರ್‌ನ ಬಳಿ ಹೋದರೆ, ಪಿಚರ್ ಹೊರಗೆ ಬರಲೇಬೇಕು. ಶಾಲೆಯ ಮಕ್ಕಳಿಗೂ ಗೊತ್ತಿರುವ ನಿಯಮ.

ಐದು ನಿಮಿಷದ ನಂತರ ಎಲ್ಡನ್ ಎದ್ದು, ಗೆರೆ ದಾಟಿ, ಬಯೆಸ್‌ನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿ ನಗಿಸಿದ. ತಿರುಗಿ ಹೊರಟಾಗ ಅಂಪೈರ್ ಕೈ ಎತ್ತಿದ. ಬದಲಿ ಪಿಚರ್ ಇನ್ನೂ ಜಾಕೆಟ್ ತೊಟ್ಟು ಕುಳಿತಿದ್ದ. ಒಂದು ಚೆಂಡನ್ನೂ ಎಸೆದು ತೋಳು ಬಿಸಿ ಮಾಡಿಕೊಂಡಿರಲಿಲ್ಲ. ಹಾಗೇ ಬಂದ. ಅವನ ಎರಡನೆಯ ಚೆಂಡನ್ನು ಪ್ರೇಕ್ಷಕರ ನಡುವೆ ಬಾರಿಸಿದರು. ಎರಡು ರನ್ ಹೋದವು, ಪಂದ್ಯವೂ ಹೋಯಿತು.

ಊರು ಚೆಂಡನ್ನು ನೋಡಿತು. ನಾನು ಅಂಪೈರ್ ಕೈ ಎತ್ತಿದಾಗಿನ ಎಲ್ಡನ್‌ನ ಮುಖವನ್ನು ನೋಡಿದೆ. ಯಾವುದೋ ಕೋಣೆಗೆ ಹೋಗಿ, ಯಾಕೆ ಬಂದೆ ಎಂದು ಹೊಳೆಯದೆ ನಿಂತವನ ಮುಖ. ಮನೆಗೆ ಬರುವಾಗ ಕಾರಿನಲ್ಲಿ ಅವನು ಮೆಲ್ಲಗೆ ಕೇಳಿದ: "ಬರ್ಟಿ, ಕಾರ್ವರ್ ನಿಜವಾಗ್ಲೂ ಹೋಗಿದ್ನಾ?"

ಹೂಂ ಎಂದೆ. ಮತ್ತೆ ಅವನು ಕೇಳಲಿಲ್ಲ, ನಾನೂ ಕೇಳಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಒಬ್ಬರನ್ನೊಬ್ಬರು ಕಾಪಾಡಲು ನಾವು ಕಲಿತಿದ್ದ ಉಪಾಯ ಇದೊಂದೇ.

ಈ ಸೋಲಿಗೆ ಎರಡು ತಿಂಗಳ ಮುಂಚೆ, ಆಗಸ್ಟಿನಲ್ಲಿ, ಅವನ ಕೋಟನ್ನು ಒಗೆಯಲು ಕೊಡುವಾಗ ಜೇಬಿನಲ್ಲಿ ಆ ದಿನದ ಆಟಗಾರರ ಪಟ್ಟಿ ಸಿಕ್ಕಿತ್ತು. ಪಟ್ಟಿಯನ್ನು ಅವನು ಯಾವಾಗಲೂ ತಾನೇ ಬರೆಯುತ್ತಾನೆ. ಮೂರನೆಯ ಹೆಸರು ಟಾಲಿವರ್ ಎಂದಿತ್ತು. ಟಾಲಿವರ್ ಆಟ ಬಿಟ್ಟು ಆರು ವರ್ಷ. ಬೇರೆ ಯಾರದೋ ಕೈ ಅದನ್ನು ಹೊಡೆದುಹಾಕಿ ಸರಿಯಾದ ಹೆಸರು ಬರೆದಿತ್ತು. ನಾನು ಆ ಚೀಟಿಯನ್ನು ಚೂರುಚೂರು ಮಾಡಿ ಕಸಕ್ಕೆ ಹಾಕಿದೆ. ಹರಿದರೆ ಇಲ್ಲವಾಗುತ್ತದೆ ಎಂಬಂತೆ. ನನ್ನ ಅಮ್ಮ ಕೂಡ ಮೊದಲು ಹೆಸರುಗಳನ್ನೇ ಕಳೆದುಕೊಂಡದ್ದು, ಆಮೇಲೆ ನನ್ನನ್ನು.

ಅದಕ್ಕೇ ಅವನನ್ನು ತೆಗೆದುಹಾಕಲಿ ಎಂದು ಬೇಡುತ್ತಿದ್ದೆ. ಸೋತದ್ದಕ್ಕೆ ಹೋದ ಎಂದಾಗಲಿ, ಜಂಬದ ಮುದುಕ ಎಂದು ಬೈಯಲಿ. ಮುಂದಿನ ವರ್ಷ ನಲವತ್ತು ಸಾವಿರ ಜನರ ಮುಂದೆ ಅವನು ಮೈದಾನದ ನಡುವೆ ನಿಂತು, ಯಾವ ಕಡೆ ಹಿಂತಿರುಗಬೇಕೆಂದು ತಿಳಿಯದೆ ಸುತ್ತ ನೋಡುವುದು ಬೇಡ. ಹಗಲು ಕಣ್ಣು ತೆರೆದಿದ್ದಾಗಲೂ ನನಗೆ ಆ ನೋಟವೇ ಕಾಣುತ್ತಿತ್ತು.

ಮನೆಗೆ ಬಂದಾಗ ಅಂಗಳದಲ್ಲಿ ಪ್ರೆಸ್ಕಾಟ್‌ನ ಕಾರಿತ್ತು. ಮ್ಯಾನೇಜರ್‌ನನ್ನು ನೇಮಿಸುವವನೂ ತೆಗೆಯುವವನೂ ಅವನೇ. ತೆಗೆಯುವುದಾದರೆ ಫೋನ್ ಸಾಕಿತ್ತಲ್ಲ, ಮನೆಗೇಕೆ ಬಂದ?

ಅಡುಗೆಮನೆಯ ಮೇಜಿಗೆ ಇಬ್ಬರೂ ಎದುರುಬದುರು ಕುಳಿತಿದ್ದರು. ನಡುವೆ ಕೆಲವು ಹಾಳೆಗಳು.

"ಬನ್ನಿ ಬರ್ಟಿ, ನಿಮ್ಮ ಯಜಮಾನರು ಒಳ್ಳೇ ಸುದ್ದಿನ ಅಳ್ತಾ ಕೇಳ್ತಿದ್ದಾರೆ ನೋಡಿ," ಎಂದು ಪ್ರೆಸ್ಕಾಟ್ ನಕ್ಕ. "ರೇಡಿಯೋದವರು ಬೊಗಳ್ಕೊಳ್ಳಲಿ. ಇನ್ನೂ ಎರಡು ವರ್ಷ ಎಲ್ಡನ್ನೇ ನಮ್ಮ ಮ್ಯಾನೇಜರ್. ಧೈರ್ಯವಾಗಿ ತೀರ್ಮಾನ ತಗೊಳ್ಳೋರು ಈಗ ಎಲ್ಲಿದ್ದಾರೆ ಹೇಳಿ?"

ಎಲ್ಡನ್ ಕಣ್ಣೊರೆಸಿಕೊಂಡು, ಕರಾರಿಗೆ ಸಹಿ ಹಾಕಲು ಪೆನ್ನು ತೆಗೆದುಕೊಂಡ. ಅವನ ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಬೆಳಕಿತ್ತು. ಆ ಬೆಳಕನ್ನು ಆರಿಸಲು ನಾನು ಯಾರು? ಸುಮ್ಮನಿದ್ದರೆ ಇವತ್ತಿಗೆ ಇವನು ಸುಖಿ. ಸುಮ್ಮನಿದ್ದರೆ ಏಪ್ರಿಲ್‌ನಲ್ಲಿ ಆಟ ಮತ್ತೆ ಶುರು.

"ಪ್ರೆಸ್ಕಾಟ್," ಎಂದೆ. ದನಿ ನನ್ನದಲ್ಲ ಎನ್ನಿಸಿತು. "ಅದು ತೀರ್ಮಾನ ಅಲ್ಲ."

"ಏನು?"

"ಬರ್ಟಿ, ಬೇಡ," ಎಂದ ಎಲ್ಡನ್, ಹಾಳೆಯಿಂದ ಕಣ್ಣೆತ್ತದೆ.

ನಾನು ಏನು ಹೇಳಲಿದ್ದೇನೆಂದು ಅವನಿಗೆ ಗೊತ್ತಿತ್ತು. ಅಂದರೆ ತನಗೆ ಏನಾಗುತ್ತಿದೆ ಎಂಬುದೂ ಅವನಿಗೆ ಗೊತ್ತಿತ್ತು.

"ಕಾರ್ವರ್ ಹೋಗಿ ಬಂದಿದ್ದು ಇವನಿಗೆ ಮರೆತುಹೋಗಿತ್ತು," ಎಂದೆ.

ಪ್ರೆಸ್ಕಾಟ್ ಜೋರಾಗಿ ನಕ್ಕ. "ಅಯ್ಯೋ, ಅಷ್ಟೇನಾ! ನಾನು ಹೋದ ವಾರ ನನ್ನ ಹೆಂಡ್ತಿ ಹುಟ್ಟಿದಹಬ್ಬಾನೇ ಮರೆತಿದ್ದೆ. ಇನ್ನೂ ಸೋಫಾ ಮೇಲೆ ಮಲಗ್ತಿದೀನಿ."

ನಾವಿಬ್ಬರೂ ನಗಲಿಲ್ಲ. ಅವನ ನಗು ಸ್ವಲ್ಪ ಹೊತ್ತು ಒಂಟಿಯಾಗಿ ಇದ್ದು ನಿಂತುಹೋಯಿತು. ಎಲ್ಡನ್ ಪೆನ್ನಿನ ಮುಚ್ಚಳವನ್ನು ಹಾಕಿದ. ಅದು ಸರಿಯಾಗಿ ಕೂರಲಿಲ್ಲ, ಮತ್ತೆ ತೆಗೆದು ಹಾಕಿದ.

"ಯಾವತ್ತಿಂದ, ಎಲ್ಡನ್?" ಪ್ರೆಸ್ಕಾಟ್‌ನ ದನಿ ಈಗ ಚಿಕ್ಕದಾಗಿತ್ತು.

ಎಲ್ಡನ್ ಉತ್ತರಿಸುವ ಮುಂಚೆ ನನ್ನ ಕಡೆ ನೋಡಿದ. ಆಗಸ್ಟ್ ಎನ್ನುತ್ತಾನೆ ಎಂದುಕೊಂಡೆ. ಆಗಸ್ಟ್ ಎಂದರೆ ನಾನು ಹೇಳದೆ ತಡಮಾಡಿದ್ದು ಎರಡೇ ತಿಂಗಳು.

"ಹೋದ ವರ್ಷ ಮಾರ್ಚಿಂದ," ಎಂದ. "ಇವಳು ಹೆದರ್ತಾಳೆ ಅಂತ ಹೇಳ್ಲಿಲ್ಲ."

ಹತ್ತೊಂಬತ್ತು ತಿಂಗಳು. ಅಷ್ಟು ದಿನವೂ ಅವನು ನನ್ನ ಪಕ್ಕದಲ್ಲೇ ಮಲಗಿ, ಒಬ್ಬನೇ ಹೆದರುತ್ತಿದ್ದ. ಕುರ್ಚಿ ಎಳೆದುಕೊಂಡು ಅವನ ಪಕ್ಕ ಕುಳಿತೆ. ಪ್ರೆಸ್ಕಾಟ್ ಹಾಳೆಗಳನ್ನು ಒಂದೊಂದಾಗಿ ತನ್ನ ಕಡೆಗೆ ಎಳೆದುಕೊಳ್ಳತೊಡಗಿದ. ಮಲಗಿದ ಮಗುವಿನ ಮೈಮೇಲಿಂದ ಏನನ್ನೋ ತೆಗೆಯುವವನ ಹಾಗೆ, ಸದ್ದಾಗದಂತೆ.