ಕೂಸು ಚೆಂದ ಅನ್ನಬಾರದು

ಅಮೆರಿಕದ ಇಡೀ ಸೇಂಟ್ ಪಾಲ್ ಊರಿನಲ್ಲಿ ನಮ್ಮ ಹ್ಮಾಂಗ್ ಮಾತನ್ನು ನೇರವಾಗಿ ಶೋನಾಕ್ಕೆ ದಾಟಿಸಬಲ್ಲ ನಾಲಿಗೆ ನನ್ನದೊಂದೇ. ಟರ್ಕಿ ಕೋಳಿ ಕಾರ್ಖಾನೆಯಲ್ಲಿ ಆರು ವರ್ಷ ಜಿಂಬಾಬ್ವೆಯವರ ಪಕ್ಕ ನಿಂತು ಅವರ ಶೋನಾದ ನಾಲ್ಕು ಸಾವಿರ ಮಾತು ಕಲಿತವನು ನಾನು. ನಲವತ್ತು ಎನ್ನುವವರು ಹೊಟ್ಟೆಕಿಚ್ಚಿನವರು.

ಅದಕ್ಕೇ ಅಕ್ಕ ಯೌವಾ ಆ ಭಾನುವಾರ ನನ್ನನ್ನು ಕರೆಸಿದ್ದು. ಅವಳ ಮಗಳು ಪಾಕೌ ಹೆತ್ತು ಹನ್ನೆರಡು ದಿನವಾಗಿತ್ತು. ಅಳಿಯ ಮುನಾಶೆಯ ತಾಯಿ ನೆತ್ಸಾಯಿ, ಶೋನಾ ಬಿಟ್ಟು ಬೇರೆ ಮಾತು ಬಾರದ ಹಳ್ಳಿಯ ಹೆಂಗಸು, ಮೊಮ್ಮಗನನ್ನು ನೋಡಲು ಬಂದಿಳಿದಿದ್ದರು.

“ನೋಡು ತಮ್ಮ, ಆಯಮ್ಮನ ಬಾಯಿಂದ ಒಂದು ಅಪಶಕುನದ ಮಾತು ಬಿದ್ರೂ ಮಗಳನ್ನೂ ಕೂಸನ್ನೂ ಕರ್ಕೊಂಡು ನಾಳೇನೇ ವಿಸ್ಕಾನ್ಸಿನ್‌ಗೆ ಹೊರಟೆ. ಅಳಿಯ ಬಂದು ಬಾಗಿಲು ಬಡೀಲಿ, ತೆಗೆಯಲ್ಲ.”

ತೆಗೆಯುವವಳೂ ಅಲ್ಲ. ಮೆಣಸಿನ ಗಿಡ ತುಳಿದೆನೆಂದು ನನ್ನೊಡನೆ ನೂರು ವರ್ಷ ಮಾತು ಬಿಟ್ಟವಳು. ಒಳಕೋಣೆಯಲ್ಲಿ ಕೋಳಿಸಾರು ಉಣ್ಣುತ್ತಿದ್ದ ಬಾಣಂತಿಯ ಚಮಚದ ಸದ್ದು ನಿಂತಿತು.

ಮುನಾಶೆ ತಾಯಿಯನ್ನು ಬಾಗಿಲಲ್ಲಿ ಇಳಿಸಿ ಕಾರು ನಿಲ್ಲಿಸಲು ಹೋದ. ನೆತ್ಸಾಯಿ ಒಳಬಂದು, ಮಂಡಿಯೂರಿ, ಅಂಗೈ ಬೊಗಸೆ ಮಾಡಿ ಚಪ್ಪಾಳೆ ತಟ್ಟಿದರು.

ಅಕ್ಕ ಕೂಸನ್ನು ಎದೆಗೆ ಅವುಚಿಕೊಂಡಳು. “ಯಾಕೆ ತಟ್ತಾಳೆ? ಕೂಸು ಬೆಚ್ಚಿದ್ರೆ ಜೀವ ಹಾರಿಹೋಗುತ್ತೆ ಅಂತ ಗೊತ್ತಿಲ್ವಾ?”

“ಅದು ನಮಸ್ಕಾರ ಅಕ್ಕ. ದಿನ ಹೇಗೆ ಕಳೀತು ಅಂತ ಕೇಳು.”

ಕೇಳಿದಳು. ನೆತ್ಸಾಯಿ ಅವರ ರೂಢಿಯಂತೆ ಉತ್ತರಿಸಿದರು. ನಾನು ಜಾಣತನದಲ್ಲಿ ಅಕ್ಷರಕ್ಕಕ್ಷರ ದಾಟಿಸಿದೆ: “ನಿಮ್ಮ ದಿನ ಚೆನ್ನಾಗಿ ಕಳೆದಿದ್ರೆ ನಂದೂ ಚೆನ್ನಾಗಿ ಕಳೀತು.”

“ನಂದು ಕೆಟ್ಟಿದ್ರೆ? ಅವಳ ದಿನಾನ ನನ್ನ ಸೆರಗಿಗೆ ಯಾಕೆ ಗಂಟು ಹಾಕ್ತಾಳೆ?”

ನನ್ನ ಬೆನ್ನಲ್ಲಿ ಬೆವರಿನ ಮಿಸಿಸಿಪ್ಪಿ ಹರಿಯತೊಡಗಿತು. ಅಷ್ಟರಲ್ಲಿ ನೆತ್ಸಾಯಿ ಕೂಸಿನತ್ತ ಬಾಗಿ, ಮುಖ ಅರಳಿಸಿ, “ಅಕನಾಕಾ” ಎಂದರು. ಎಷ್ಟು ಚೆಂದ ಎಂದು. ನಮ್ಮಲ್ಲಿ ಹಸುಗೂಸನ್ನು ಚೆಂದವೆಂದರೆ ದೆವ್ವಗಳಿಗೆ ಕೇಳಿಸಿ ಎತ್ತಿಕೊಂಡು ಹೋಗುತ್ತವೆ. ದೆವ್ವಗಳಿಗೆ ಶೋನಾ ಬರುವುದೋ ಇಲ್ಲವೋ, ಅಕ್ಕನಿಗಂತೂ ಬಾರದು.

“ಎಂಥ ಕುರೂಪಿ ಅಂತಿದಾರೆ” ಎಂದೆ.

ಅಕ್ಕನ ಹುಬ್ಬು ಸಡಿಲಾಯಿತು. “ಪರವಾಗಿಲ್ಲ, ಬೀಗಿತ್ತಿಗೆ ತಿಳಿವಳಿಕೆ ಇದೆ. ಹೌದಮ್ಮ, ಕುರೂಪಿ. ಥೇಟು ಕಪ್ಪೆ.”

ಏನಂದರು ಎಂದು ನೆತ್ಸಾಯಿ ಕೇಳಿದರು. ನಿಮ್ಮದೇ ಮುಖವಂತೆ ಎಂದೆ. ಅವರು ಕೆನ್ನೆ ಮುಟ್ಟಿಕೊಂಡು ನಕ್ಕರು.

ಬಾಗಿಲಲ್ಲಿ ಮುನಾಶೆ ನಿಂತಿದ್ದ. ನಮಗ್ಯಾರಿಗೂ ಗೊತ್ತಿಲ್ಲದಂತೆ ಹೆಂಡತಿಯಿಂದ ಹ್ಮಾಂಗ್ ಕಲಿತಿದ್ದ ಪಾಪಿ.

“ಮಾವ, ನನ್ನ ಮಗ ಕಪ್ಪೆನಾ? ಅಮ್ಮನ ಮುಖಾನೂ ಅದೇನಾ?” ಎಂದವನೇ ತಾಯಿಗೆ ಎಲ್ಲ ಹೇಳಿಬಿಟ್ಟ.

ನೆತ್ಸಾಯಿ ಎದ್ದು ನಿಂತರು. ಅಕ್ಕ ಕೂಸಿನೊಡನೆ ಗೋಡೆಗೆ ಸರಿದಳು. “ಏನು ಹೇಳಿದ್ಯೋ ಇವಳಿಗೆ?” ಒಳಗಿಂದ ಪಾಕೌ ಹೊಸ್ತಿಲಿಗೆ ಬಂದು, ಬಾಗಿಲ ಚೌಕಟ್ಟು ಹಿಡಿದು ನನ್ನನ್ನೇ ನೋಡಿದಳು.

ಬದುಕಿನಲ್ಲಿ ಮೊದಲ ಸಲ ನಿಜ ಹೇಳಿದೆ. ಎರಡೂ ಭಾಷೆಯಲ್ಲಿ, ತಡವರಿಸುತ್ತ. ದೆವ್ವ, ಚೆಂದ, ನನ್ನ ಸುಳ್ಳು, ಎಲ್ಲ.

 ನೆತ್ಸಾಯಿ ಮೆಲ್ಲನೆ ಹೇಳಿದರು. ನಾನು ಒಂದಕ್ಷರವೂ ಸೇರಿಸದೆ ದಾಟಿಸಿದೆ: “ನಮ್ಮಣ್ಣನ ಹೆಸರು ನ್ಹಾಮೊ. ಸಂಕಟ ಅಂತ. ಅವನಿಗಿಂತ ಮುಂಚೆ ಎರಡು ಕೂಸು ಹೋಗಿದ್ವು. ಅವ್ವ ಅವನನ್ನ ಒಂದಿನಾನೂ ಮುದ್ದಿನ ಹೆಸರಿಂದ ಕರೀಲಿಲ್ಲ. ಎಪ್ಪತ್ತು ವರ್ಷ ಬದುಕಿದ.”

ಮತ್ತೆ ಮಂಡಿಯೂರಿ ಕೂಸನ್ನು ದಿಟ್ಟಿಸಿದರು. “ಎಂಥ ಮೂಗು. ಯಾರಿಗೂ ಬೇಡ ಇದು.”

ಅದನ್ನೂ ದಾಟಿಸಿದೆ. ಅಕ್ಕ ಕೂಸನ್ನು ಎದೆಯಿಂದ ಬಿಡಿಸಿ, ಎರಡೂ ಕೈಯಲ್ಲಿ ಮುಂದೆ ಚಾಚಿದಳು.

“ಕತ್ತು ಜೋಪಾನ ಅಂತ ಹೇಳೋ.”

ಆ ಮಾತಿಗೆ ಶೋನಾ ನನಗೆ ಬರಲಿಲ್ಲ. ನೆತ್ಸಾಯಿಯ ಅಂಗೈ ಆಗಲೇ ಕತ್ತಿನ ಕೆಳಗಿತ್ತು.