ಒಂದು ಪದದ ದೂರ

"ಕಲ್ಲು ಗೆರೆ ಒಳಗೈತೆ, ಚುಕ್ಕಿ ಹೆಂಗೆ ಹೊರಗೆ ಬಿತ್ತು?"

ಪವಿತ್ರ ಕೇಳಿದ್ದು ಯಾರನ್ನೂ ಅಲ್ಲ. ಜಗಳೂರು ಕಡೆಯ ಬಯಲಿನಲ್ಲಿ ಜೀಪಿನ ಬಾನೆಟ್ ಮೇಲೆ ನಕ್ಷೆ ಹಾಸಿತ್ತು. ಅದರ ಮೇಲೆ ಬಗ್ಗಿದ್ದವಳ ಮನಸ್ಸಿನ ಮಾತು ಬಾಯಿಗೆ ಬಂದುಬಿಟ್ಟಿತು, ಅಷ್ಟೇ.

ಅವಳು ಚನ್ನಗಿರಿಯ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರು. ಎರಡು ವರ್ಷದಿಂದ ರಜೆ ಬಂದಾಗಲೆಲ್ಲ ಕೈಯಲ್ಲಿ ಹಿಡಿಯುವ ಜಿಪಿಎಸ್ ಒಂದು, ಕಂಪಾಸ್ ಒಂದು ತಗೊಂಡು ಹೊನ್ನಾಳಿ, ನ್ಯಾಮತಿ, ಜಗಳೂರು ಸುತ್ತಿ ಹೊಲದ ಬದುವಿನ ವೀರಗಲ್ಲುಗಳನ್ನೆಲ್ಲ ಪಟ್ಟಿ ಮಾಡಿ ಸರ್ಕಾರಕ್ಕೆ ಕೊಟ್ಟಿದ್ದಳು. ಈ ಬಯಲಿಗೆ ಈಗ ಸೋಲಾರ್ ಕಂಪನಿ ಬಂದಿದೆ. ಪಟ್ಟಿಯಲ್ಲಿರುವ ಕಲ್ಲು ಕಂಪನಿಯ ಜಾಗದ ಗೆರೆಯೊಳಗೆ ಸಿಕ್ಕರೆ ಸುತ್ತ ಇಪ್ಪತ್ತು ಮೀಟರ್ ಬಿಡಬೇಕು. ಸಿಗದಿದ್ದರೆ ಸೋಮವಾರ ಜೆಸಿಬಿ. ತುರು ಬಿಡಿಸಲು ಹೋಗಿ ಮಡಿದ ಸಿರಿಯಣ್ಣನ ಕಲ್ಲು ಕಣ್ಣೆದುರೇ ಗೆರೆಯೊಳಗೆ ನಿಂತಿತ್ತು. ನಕ್ಷೆಯಲ್ಲಿ ಅವನ ಚುಕ್ಕಿ ಮಾತ್ರ ಮೂವತ್ತು ಮೀಟರ್ ಆಚೆ.

"ನೀವೇ ಕೊಟ್ಟ ಚುಕ್ಕಿ ಮೇಡಂ, ನಾವು ತಲೆ ಮೇಲೆ ಹೊತ್ಕೊಂಡಿದೀವಿ," ಅಂದ ಕಂಪನಿಯ ಗುರುಬಸವರಾಜ್. "ಪಟ್ಟೀಲಿರೋದು ಗೆರೆಯಾಚೆ ಕಾಣೋ ಆ ಗುಂಡುಕಲ್ಲು. ಇದು ಬೇರೆ ಯಾವ್ದೋ ಇರಬೇಕು. ಬಯಲಲ್ಲಿ ಕಲ್ಲಿಗೇನು ಬರವೇ?"

ಅಲ್ಲ ಎಂದು ತೋರಿಸಲು ಪಟ್ಟಿಯಲ್ಲಿ ಚಿತ್ರವೂ ಇರಲಿಲ್ಲ. ಸಿರಿಯಣ್ಣನ ಫೋಟೋ ತೆಗೆಯಬಾರದು ಎಂದು ಪೂಜೆ ಮಾಡುವ ಕೆಂಪಕ್ಕ ಅಂದೇ ತಡೆದಿದ್ದಳು.

ಪವಿತ್ರ ಸೊಂಟದ ಜಿಪಿಎಸ್‌ಗೆ ಕೈ ಹಾಕಿದಳು. "ಈಗ್ಲೇ ಅಳೆದು ತೋರಿಸ್ತೀನಿ."

ಸರ್ಕಾರಿ ಸರ್ವೇಯರ್ ಭೀಮೇಶ್ ತಲೆ ಆಡಿಸಿದ. "ಇವತ್ತಿನ ಅಳತೆ ಬ್ಯಾಡ್ರಿ. ಕಂಪನಿಗೆ ಜಾಗ ಕೊಡೋ ನೋಟಿಸ್ ಬಂದ ಮ್ಯಾಲೆ ಕಲ್ಲು ಸರಿಸಿದ್ರು ಅಂತಾರೆ. ಅದಕ್ಕೂ ಮುಂಚೆ ಬರೆದಿದ್ದು ಏನಾರ ಐತಾ?"

ಅಷ್ಟರಲ್ಲಿ ಕೆಂಪಕ್ಕ ಬಂದಳು. ಎಪ್ಪತ್ತರ ಹೆಂಗಸು, ಕೈಯಲ್ಲಿ ಎಣ್ಣೆ ಗಿಂಡಿ. ಪವಿತ್ರಳ ಸೊಂಟ ನೋಡಿ ನಕ್ಕಳು.

"ಅದೇ ತೊಗಲಿನ ಚೀಲ ಇನ್ನೂ ಐತಲ್ಲ ಮೇಡಮ್ಮೋರೆ. ಅವತ್ತು ಚಪ್ಪಲಿ ಜೊತೆ ಬಿಟ್ಟು ಬಂದಿದ್ರಲ್ಲ, ಆ ಗುಂಡಿನ ತಾವ."

ಪವಿತ್ರಳಿಗೆ ಆಗ ನೆನಪಾಯಿತು. ಸಿರಿಯಣ್ಣನ ಹತ್ತಿರ ತೊಗಲು ತರುವಂತಿಲ್ಲ. ಕ್ಲಿಪ್ಪು ಮುರಿದ ಜಿಪಿಎಸ್‌ಗೆ ಬಸ್‌ಸ್ಟ್ಯಾಂಡಿನ ಚಪ್ಪಲಿ ಅಂಗಡಿಯವನು ಬಿಗಿಯಾಗಿ ತೊಗಲು ಹೊಲಿದುಕೊಟ್ಟಿದ್ದ. ಬಿಚ್ಚಲು ಬಾರದು. ಅದಕ್ಕೇ ಅಂದು ಗುಂಡುಕಲ್ಲಿನ ಹತ್ತಿರವೇ ಯಂತ್ರದ ಗುಂಡಿ ಒತ್ತಿ ಜಾಗ ದಾಖಲಿಸಿ, ಅದನ್ನು ಚಪ್ಪಲಿಯ ಪಕ್ಕ ಇಟ್ಟು, ಕೈ ಮುಗಿದು ಮುಂದೆ ನಡೆದಿದ್ದಳು. ಹೊರಡುವ ಮುಂಚೆ ಗುಂಡುಕಲ್ಲಿನಿಂದ ಕಲ್ಲಿಗೆ ಕಂಪಾಸ್ ಹಿಡಿದು ದಿಕ್ಕು ಬರೆದುಕೊಂಡದ್ದೂ ಹೌದು. ಆದರೆ ಸರ್ಕಾರದ ಫಾರಂನಲ್ಲಿ ಅಕ್ಷಾಂಶಕ್ಕೊಂದು, ರೇಖಾಂಶಕ್ಕೊಂದು ಜಾಗ ಇತ್ತೇ ಹೊರತು ದಿಕ್ಕಿಗೆ ಇರಲಿಲ್ಲ. ತುಂಬುವಾಗ ಮರೆತೇಹೋಗಿತ್ತು.

ಬ್ಯಾಗಿನಿಂದ ಪುಸ್ತಕ ತೆಗೆದಳು. ಜನವರಿ ತಿಂಗಳ ತಾರೀಕು, ಕೆಳಗೆ ಕೆಂಪಕ್ಕನ ಹೆಬ್ಬೆಟ್ಟು. ನೋಟಿಸಿಗಿಂತ ನಾಲ್ಕು ತಿಂಗಳು ಹಿಂದಿನದು. ಭೀಮೇಶ್ ಜೋರಾಗಿ ಓದಿದ: "ಜಿಪಿಎಸ್ ಚಪ್ಪಲಿ ಜಾಗದಲ್ಲಿ. ಅಲ್ಲಿಂದ ಕಲ್ಲಿಗೆ ನೂರಾ ಹದಿನೆಂಟು ಡಿಗ್ರಿ. ಒಂದು ಪದ."

ಗುರುಬಸವರಾಜ್‌ಗೆ ನಗು ತಡೆಯಲಾಗಲಿಲ್ಲ. "ಸಾರ್, ಅಡಿ ಗೊತ್ತು, ಮೀಟರ್ ಗೊತ್ತು. ಈ ಪದ ಯಾವ ಅಳತೆ?"

"ಹಾಡಿ ತೋರಿಸ್ತೀನಿ ಬಾರಪ್ಪ," ಅಂದಳು ಕೆಂಪಕ್ಕ. "ಶೂ ಬಿಚ್ಚು ಮೊದಲು."

ಗುಂಡುಕಲ್ಲಿನಿಂದ ಕಲ್ಲಿಗೆ ಸುಮ್ಮನೆ ನಡೆಯುವಂತಿಲ್ಲ, ಸಿರಿಯಣ್ಣನ ಪದ, ಅಂದರೆ ಅವನ ಮೇಲಿನ ಹಾಡು, ಹೇಳುತ್ತ ನಡೆಯಬೇಕು. ಮಾತಿಗೊಂದು ಹೆಜ್ಜೆ. ಅವಳ ಅತ್ತೆಯೂ ಹಾಗೇ ನಡೆದವಳು. ಭೀಮೇಶ್ ಗುಂಡಿನ ಹತ್ತಿರ ನಿಂತು ಕಂಪಾಸ್ ಹಿಡಿದ. ಮುಳ್ಳು ಅಲುಗಾಡಿ ನಿಂತಿತು. ನೂರಾ ಹದಿನೆಂಟಕ್ಕೆ ನೇರ ಕಲ್ಲು. ಕೆಂಪಕ್ಕ ಕಣ್ಣು ಅರೆಮುಚ್ಚಿ ಹೊರಟಳು.

"ಹೋದಾವೆ ತುರುವೆಲ್ಲ ಹೊಳೆ ದಾಟಿ ಹೋದಾವೆ, ಹಿಂದಕ್ಕೆ ಬರುವಾಗ ಸಿರಿಯಣ್ಣ ಮುಂದೆ..."

ಪದ ಮುಗಿದಾಗ ಅವಳ ಕಾಲಬೆರಳು ಕಲ್ಲಿನ ಬುಡದಲ್ಲಿತ್ತು. ಟೇಪು ಹಿಡಿದರೆ ನಲವತ್ತೊಂದು ಮೀಟರ್.

"ಕಲ್ಲು ಕಾಣ್ತಿತ್ತಲ್ಲ ಸಾರ್, ಅಲ್ಲಿಗೆ ಸರಿಯಾಗಿ ಮುಗಿಸಿದ್ರು," ಅಂದ ಗುರುಬಸವರಾಜ್.

ಅದೂ ನಿಜವಿರಬಹುದು ಅನ್ನಿಸಿತು ಭೀಮೇಶ್‌ಗೆ. "ಅಜ್ಜೀ, ರಸ್ತೆ ಕಡೆ ತಿರುಗಿ ಇದನ್ನೇ ಇನ್ನೊಂದು ಸಲ ಹೇಳ್ತೀರಾ?"

"ಅವನಿಗೆ ಬೆನ್ನು ಹಾಕಿ ಹೇಳಂಗಿಲ್ಲ. ಅವನ ಕಡೆ ಮುಖ ಮಾಡಿ ಎಲ್ಲಿಂದಾದ್ರೂ ಬರ್ತೀನಿ."

ಭೀಮೇಶ್ ಅವಳನ್ನು ಬಯಲಿನ ಇನ್ನೊಂದು ತುದಿಗೆ, ದೂರದ ಬೇವಿನ ಗಿಡದ ಹತ್ತಿರ ಕರೆದುಕೊಂಡು ಹೋದ. ಪವಿತ್ರ ಹಿಂದೆಯೇ ನಡೆದಳು. ಮುದುಕಿಯ ಹೆಜ್ಜೆ, ಬಿಸಿಲು ಏರಿದೆ. ಎರಡು ಮೀಟರ್ ಹೆಚ್ಚುಕಮ್ಮಿಯಾದರೂ ಗುರುಬಸವರಾಜ್ ಬಿಡುವವನಲ್ಲ. ಮನಸ್ಸಿನಲ್ಲೇ ಸಿರಿಯಣ್ಣನನ್ನು ನೆನೆದಳು.

ಕೆಂಪಕ್ಕ ಪದ ಎತ್ತಿಕೊಂಡಳು. ಅವಸರವಿಲ್ಲ, ಉಸಿರು ಕಟ್ಟಲಿಲ್ಲ. ತುರು ಹೊಳೆ ದಾಟಿದವು, ಬಾಣ ಬಿತ್ತು, ಕರು ಅಂಬಾ ಅಂತು, ಪದ ಮುಗಿಯಿತು. ಕಲ್ಲು ಇನ್ನೂ ಎಷ್ಟೋ ದೂರವಿತ್ತು. ಅವಳು ಬರೀ ಕರಿಮಣ್ಣಿನ ನಡುವೆ ನಿಂತುಬಿಟ್ಟಳು, ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ.

ಭೀಮೇಶ್ ಟೇಪು ಎಳೆದ. ನೋಡಿದ. ಗುರುಬಸವರಾಜ್‌ನನ್ನೂ ಕರೆದು ತೋರಿಸಿದ.

"ನಲವತ್ತೊಂದು, ಮ್ಯಾಲೆ ನಾಲ್ಕು ಬೆರಳು. ಮೇಡಮ್ಮೋರ ಮಿಷನ್ನೇ ನಾಲ್ಕೈದು ಮೀಟರ್ ಆಕಡೆ ಈಕಡೆ ಮಾಡ್ತದೆ. ಅಜ್ಜಿ ಪದ ಅಷ್ಟೂ ಮಾಡಲಿಲ್ಲ."

ಬಾನೆಟ್ ಮೇಲೆ ಕೋನಮಾಪಕ ಇಟ್ಟು ಹಳೇ ಚುಕ್ಕಿಯಿಂದ ನೂರಾ ಹದಿನೆಂಟು ಡಿಗ್ರಿಗೆ ಗೆರೆ ಎಳೆದ, ನಲವತ್ತೊಂದಕ್ಕೆ ಹೊಸ ಚುಕ್ಕಿ ಇಟ್ಟ. ಗೆರೆಯಿಂದ ಹನ್ನೊಂದು ಮೀಟರ್ ಒಳಗೆ. ಸುತ್ತ ಇಪ್ಪತ್ತು ಮೀಟರಿಗೆ ಕೆಂಪು ಶಾಯಿಯ ಚಕ್ರ ಬಿತ್ತು. ಕಂಪನಿಯ ಉದ್ದ ಗೆರೆ ಅಲ್ಲಿ ಬಾಗಿ ಸುತ್ತಿಕೊಂಡು ಹೋಗಬೇಕಾಯಿತು. ಭೀಮೇಶ್ ಸಹಿ ಹಾಕಿದ, ಪವಿತ್ರ ಹಾಕಿದಳು, ಕೆಂಪಕ್ಕ ಹೆಬ್ಬೆಟ್ಟು ಒತ್ತಿದಳು. ಪವಿತ್ರಳಿಗೆ ಕಣ್ಣು ತುಂಬಿ ಬಂತು, ಬಗ್ಗಿ ಮುದುಕಿಯ ಕಾಲು ಮುಟ್ಟಿದಳು.

"ನನ್ನ ಕಾಲಲ್ಲೇನೈತೆ? ಅವನ ತಾವ ಹೋಗ್ರಿ," ಅಂದಳು ಕೆಂಪಕ್ಕ. ಮುಖ ಮಾತ್ರ ಅರಳಿತ್ತು. ಹೋಗಿ ಕಲ್ಲಿಗೆ ಎಣ್ಣೆ ಸವರತೊಡಗಿದಳು. ಸವೆದ ಕುದುರೆ, ಎತ್ತಿದ ಕತ್ತಿ ಬಿಸಿಲಿಗೆ ಮಿಂಚಿದವು.

ಗುರುಬಸವರಾಜ್ ಬರಿಗಾಲಲ್ಲೇ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. ದನಿ ಮೆತ್ತಗಾಗಿತ್ತು.

"ಅಜ್ಜೀ, ಗೆದ್ರಿ, ಒಪ್ಕೊಂಡೆ. ಈಗ ನಂದೊಂದು ಮಾತು ನಡೆಸಿಕೊಡ್ರಿ. ಇವನನ್ನ ನಮ್ಮ ಗೆರೆಯಾಚೆ, ಆ ಗುಂಡಿನ ತಾವ ಇಡೋಣ. ಕ್ರೇನ್ ತರಿಸ್ತೀನಿ, ಗ್ರಾನೈಟ್ ಕಟ್ಟೆ ಕಟ್ಟಿಸ್ತೀನಿ, ಮೇಲೆ ಶೀಟು, ರಾತ್ರಿಗೆ ಲೈಟು. ನಿಮಗೂ ನಡೆಯೋ ತ್ರಾಸಿಲ್ಲ. ನೀವು ಹ್ಞೂಂ ಅಂದ್ರೆ ಸಾಕು."

ಕೆಂಪಕ್ಕ ಎಣ್ಣೆಗೈಯನ್ನು ತಲೆಗೆ ಒರೆಸಿಕೊಂಡು ಅವನ ಮುಖ ನೋಡಿದಳು.

"ಅನ್ನಲ್ಲ."